ಚೆಕ್ ಬೌನ್ಸ್ ಆಯ್ತಾ? ಮೊದಲು ಕ್ಯಾಲೆಂಡರ್ ತೆಗೀರಿ

"ಇನ್ನೊಂದು ವಾರ ತಡ್ಕೊಳಿ ಅಣ್ಣ, ಮಾಲು ಹೋಗಿದೆ, ದುಡ್ಡು ಬರೋದಷ್ಟೇ ಬಾಕಿ."

ತಿಪಟೂರಿನ ಮಂಡಿಯಲ್ಲಿ ಈ ಮಾತು ಕೇಳದ ವ್ಯಾಪಾರಿ ಇಲ್ಲ. ಇವರು ಕೊಬ್ಬರಿ ಲೋಡು ಮಾಡಿ ಕಳಿಸಿರುತ್ತಾರೆ. ಕೊಂಡವನು ಮುಂದಿನ ತಾರೀಖು ಹಾಕಿ ಚೆಕ್ಕು ಕೊಟ್ಟಿರುತ್ತಾನೆ. ಆ ತಾರೀಖಿಗೆ ಬ್ಯಾಂಕಿಗೆ ಹಾಕಿದರೆ ಚೆಕ್ಕು ವಾಪಸ್. ಫೋನು ಮಾಡಿದರೆ ಮೇಲಿನ ಮಾತು. ಇವರೂ ತಡೆದುಕೊಳ್ಳುತ್ತಾರೆ. ಎಷ್ಟೋ ವರ್ಷದ ವ್ಯವಹಾರ, ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಹೋಗಿ ಬಂದ ಬಳಕೆ, ವಕೀಲರ ನೋಟಿಸು ಕಳಿಸಿದರೆ ಮುಖ ಕೆಟ್ಟೀತು ಎನ್ನುವ ದಾಕ್ಷಿಣ್ಯ. ಆ ದಾಕ್ಷಿಣ್ಯವೆಲ್ಲ ಕರಗಿ ನನ್ನ ಆಫೀಸಿನ ಮೆಟ್ಟಿಲು ಹತ್ತುವ ಹೊತ್ತಿಗೆ ಚೆಕ್ಕು ಯಾಕೆ ವಾಪಸಾಯಿತು ಅಂತ ಬರೆದು ಬ್ಯಾಂಕಿನವರು ಚೆಕ್ಕಿನ ಜೊತೆ ಪಿನ್ನು ಹಾಕಿ ಕೊಟ್ಟ ಮೆಮೊಗೆ ನಲವತ್ತೋ ಐವತ್ತೋ ದಿನ ಆಗಿರುತ್ತದೆ.

ನಾನು ಇಲ್ಲಿನ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತೇನೆ. ಕಕ್ಷಿದಾರರು ಕುರ್ಚಿ ಎಳೆದುಕೊಂಡು ಕೂತು ಕಥೆ ಶುರು ಮಾಡುವ ಮುಂಚೆ ನಾನು ಕೇಳುವುದು ಒಂದೇ: "ಮೆಮೊ ಯಾವತ್ತು ಕೈಗೆ ಬಂತು?" ಎಷ್ಟು ದುಡ್ಡು, ಯಾಕೆ ಕೊಟ್ರಿ, ಅವನೆಷ್ಟು ಮೋಸಗಾರ ಅನ್ನುವುದೆಲ್ಲ ಆಮೇಲೆ. ಕೆಲವರಿಗೆ ಇದರಿಂದ ಬೇಜಾರಾಗುತ್ತದೆ, ಮೇಡಂ ನಮ್ಮ ಕಷ್ಟಾನೇ ಕೇಳಲ್ಲ ಅಂತ. ಏನು ಮಾಡಲಿ, ಚೆಕ್ ಕೇಸಿನಲ್ಲಿ ಕಷ್ಟಕ್ಕಿಂತ ಮೊದಲು ತಾರೀಖು. ಸಾಕ್ಷಿ ಸರಿಯಿಲ್ಲದೆ ಬಿದ್ದುಹೋದ ಕೇಸುಗಳನ್ನು ನೋಡಿದ್ದೇನೆ, ವಾದ ಸೋತವನ್ನೂ ನೋಡಿದ್ದೇನೆ. ಆದರೆ ಹೊಟ್ಟೆ ಉರಿಯುವುದು ದುಡ್ಡು ಕೊಟ್ಟಿದ್ದೂ ನಿಜ, ಸಹಿಯೂ ನಿಜ, ಕ್ಯಾಲೆಂಡರಿನಲ್ಲಿ ಮಾತ್ರ ಸೋತ ಕೇಸುಗಳನ್ನು ನೋಡಿದಾಗ.

ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ 1881ರದ್ದು, ಬ್ರಿಟಿಷರ ಕಾಲದ್ದು. ಚೆಕ್ ಬೌನ್ಸ್ ಮಾಡಿದವನಿಗೆ ಜೈಲು ಅನ್ನುವ ಭಾಗ ಮಾತ್ರ ಹೊಸದು. 1988ರ ತಿದ್ದುಪಡಿಯಿಂದ ಬಂದ 138ನೇ ಕಲಂ 1989ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈಗ ಶಿಕ್ಷೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಇಷ್ಟು ಕೇಳಿದ ಕೂಡಲೇ ಕೆಲವರು ನೇರ ಪೊಲೀಸ್ ಠಾಣೆಗೆ ಹೋಗುತ್ತಾರೆ. 138ರ ದೂರನ್ನು ಪೊಲೀಸರು ದಾಖಲಿಸಿಕೊಳ್ಳುವಂತಿಲ್ಲ, ಮ್ಯಾಜಿಸ್ಟ್ರೇಟರ ಮುಂದೆ ಬರವಣಿಗೆಯಲ್ಲಿ ಖಾಸಗಿ ಫಿರ್ಯಾದು ಕೊಡಬೇಕು. ಠಾಣೆಯ ಬೆಂಚಿನ ಮೇಲೆ ಕೂತು "ಸಾಹೇಬ್ರು ನಾಳೆ ಬರ್ತಾರೆ" ಅಂತ ಕಾಯುವಾಗಲೂ ಆ ಮೂವತ್ತು ದಿನ ನಿಲ್ಲದೆ ಓಡುತ್ತಿರುತ್ತದೆ.

ಯಾವ ಮೂವತ್ತು ದಿನ ಅಂದರೆ, ಚೆಕ್ಕು ವಾಪಸ್ ಬಂದ ಸುದ್ದಿ ಬ್ಯಾಂಕಿನಿಂದ ನಿಮಗೆ ತಿಳಿದ ಮೇಲಿನ ಮೂವತ್ತು ದಿನ. ಅಷ್ಟರೊಳಗೆ, ಚೆಕ್ಕು ಕೊಟ್ಟವನಿಗೆ "ಈ ಚೆಕ್ಕಿನ ಹಣ ಕೊಡು" ಎಂದು ಬರವಣಿಗೆಯಲ್ಲಿ ನೋಟಿಸು ಕೊಡಬೇಕು. ಅವನ ಕೈಗೆ ನೋಟಿಸು ಸೇರಿದ ಮೇಲೆ ಹಣ ಕೊಡಲು ಅವನಿಗೆ ಹದಿನೈದು ದಿನ. ಆ ಹದಿನೈದು ದಿನ ಮುಗಿದರೂ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ನೀವು ಕೋರ್ಟಿಗೆ ಬರಬೇಕು. ನಮ್ಮ ಸೀನಿಯರ್ ಕಾಲದಲ್ಲಿ ನೋಟಿಸಿಗೂ ಹದಿನೈದೇ ದಿನ ಇತ್ತಂತೆ. 2002ರ ತಿದ್ದುಪಡಿ 2003ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಮೇಲೆ ಅದು ಮೂವತ್ತಾಯಿತು.

ಇದಕ್ಕೂ ಮುಂಚಿನ ಒಂದು ಗಡುವಿದೆ, ಅದನ್ನು ಮರೆಯುವವರೇ ಜಾಸ್ತಿ. ಚೆಕ್ಕಿಗೆ ಈಗ ಮೂರೇ ತಿಂಗಳು ಆಯಸ್ಸು. ಕಾಯ್ದೆಯ ಪುಸ್ತಕ ತೆಗೆದರೆ ಇವತ್ತಿಗೂ "ಆರು ತಿಂಗಳು ಅಥವಾ ಚೆಕ್ಕಿನ ಸಿಂಧುತ್ವದ ಅವಧಿ, ಯಾವುದು ಮೊದಲೋ ಅದು" ಎಂದೇ ಇದೆ. ರಿಸರ್ವ್ ಬ್ಯಾಂಕು 2012ರ ಏಪ್ರಿಲ್ 1ರಿಂದ ಆ ಅವಧಿಯನ್ನು ಮೂರು ತಿಂಗಳಿಗೆ ಇಳಿಸಿದೆ. ಹಳೆಯ ಲೆಕ್ಕದಲ್ಲೇ ಇರುವ ಯಜಮಾನರು ಚೆಕ್ಕನ್ನು ಬೀರುವಿನಲ್ಲಿಟ್ಟು ಐದನೇ ತಿಂಗಳಲ್ಲಿ ಹೊರಗೆ ತೆಗೆಯುತ್ತಾರೆ. ಅಷ್ಟು ಹೊತ್ತಿಗೆ ಅದು ಬ್ಯಾಂಕಿನ ಮಟ್ಟಿಗೆ ಬರೀ ಕಾಗದ. ಸಾಲಕ್ಕೆ ಪುರಾವೆಯಾಗಿ ಸಿವಿಲ್ ದಾವೆಗೆ ಉಪಯೋಗವಾದೀತು, 138ಕ್ಕೆ ಆಗುವುದಿಲ್ಲ.

ದಿನ ಎಣಿಸುವುದು ಹೇಗೆ ಅಂತ ಒಂದು ಉದಾಹರಣೆ ಹಿಡಿಯೋಣ. ಮಾರ್ಚ್ 4ರಂದು ಮೆಮೊ ಕೈಗೆ ಬಂತು ಅನ್ನಿ. ಆ ದಿನವನ್ನು ಬಿಟ್ಟು 5ರಿಂದ ಎಣಿಸಿದರೆ ಮೂವತ್ತನೇ ದಿನ ಏಪ್ರಿಲ್ 3. ಅಷ್ಟರೊಳಗೆ ನೋಟಿಸು ಅಂಚೆಗೆ ಬಿದ್ದಿರಬೇಕು. ಅವನಿಗೆ ತಲುಪುವುದು ಅದರಾಚೆ ಆದರೂ ನಡೆಯುತ್ತದೆ, ನಿಮ್ಮ ಕೈಯಿಂದ ಹೊರಟಿರುವುದು ಮುಖ್ಯ. ನೀವು ಮಾರ್ಚ್ 20ಕ್ಕೆ ಕಳಿಸಿದಿರಿ, ಅವನು 24ಕ್ಕೆ ಸಹಿ ಹಾಕಿ ತೆಗೆದುಕೊಂಡ. 24ನ್ನು ಬಿಟ್ಟು ಎಣಿಸಿದರೆ ಹದಿನೈದನೇ ದಿನ ಏಪ್ರಿಲ್ 8. ಆ ದಿನ ಬ್ಯಾಂಕು ಬಾಗಿಲು ಹಾಕುವ ಹೊತ್ತಿಗೆ ಅವನು ದುಡ್ಡು ಹಾಕಿದರೂ ನಿಮಗೆ ಕೇಸಿಲ್ಲ. ಹಾಕದಿದ್ದರೆ ಏಪ್ರಿಲ್ 9ಕ್ಕೆ ನಿಮಗೆ ಕೋರ್ಟಿಗೆ ಹೋಗುವ ಹಕ್ಕು ಹುಟ್ಟುತ್ತದೆ. ಅಲ್ಲಿಂದ ಒಂದು ತಿಂಗಳು, ಅಂದರೆ ಮೇ 9. ಮೂವತ್ತು ದಿನ ಅಲ್ಲ, ಕ್ಯಾಲೆಂಡರ್ ತಿಂಗಳು.

ಈ ಕೊನೆಯ ಒಂದು ದಿನಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋದವರಿದ್ದಾರೆ. ಸಾಕೇತ್ ಇಂಡಿಯಾ ಪ್ರಕರಣದಲ್ಲಿ ನೋಟಿಸು ತಲುಪಿದ್ದು 1995ರ ಸೆಪ್ಟೆಂಬರ್ 29ಕ್ಕೆ, ಫಿರ್ಯಾದು ಹಾಕಿದ್ದು ನವೆಂಬರ್ 15ಕ್ಕೆ. ಹಕ್ಕು ಹುಟ್ಟಿದ ದಿನವಾದ ಅಕ್ಟೋಬರ್ 15ನ್ನು ಲೆಕ್ಕಕ್ಕೆ ಹಿಡಿದರೆ ತಡ, ಬಿಟ್ಟರೆ ಸರಿ. ಬಿಡಬೇಕು ಅಂತ 1999ರಲ್ಲಿ ತೀರ್ಪಾಯಿತು. ಅದು ಸರಿಯೇ ಅಂತ ಮತ್ತೆ ಅನುಮಾನ ಎದ್ದು, 2013ರಲ್ಲಿ ಇಕಾನ್ ಆಂಟ್ರಿ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಕೂತು "ಬಿಡಬೇಕು" ಎಂದೇ ಖಾಯಂ ಮಾಡಿತು. ಹೀಗೆ ಒಂದು ದಿನದ ಲೆಕ್ಕ ಬಗೆಹರಿಯಲು ಹದಿನಾಲ್ಕು ವರ್ಷ ಹಿಡಿಯಿತು. ನನ್ನ ಜೂನಿಯರ್‌ಗಳಿಗೆ ನಾನು ಹೇಳುವುದು, ತೀರ್ಪು ನಮ್ಮ ಪರ ಇದೆ ಅಂತ ಕೊನೆಯ ದಿನದವರೆಗೆ ಎಳೆಯಬೇಡಿ. ಅವತ್ತೇ ಕಕ್ಷಿದಾರರಿಗೆ ಜ್ವರ ಬರುತ್ತದೆ, ಅವತ್ತೇ ಕರೆಂಟೂ ಹೋಗುತ್ತದೆ.

ಆತುರಪಟ್ಟರೂ ಕೆಡುತ್ತದೆ. ನೋಟಿಸಿಗೆ "ಒಂದು ಪೈಸೆ ಕೊಡಲ್ಲ, ಏನ್ ಮಾಡ್ಕೋತೀರೋ ಮಾಡ್ಕೊಳಿ" ಅಂತ ಮೂರನೇ ದಿನಕ್ಕೇ ಉತ್ತರ ಬಂದುಬಿಡುತ್ತದೆ. ಕಕ್ಷಿದಾರರಿಗೆ ರಕ್ತ ಕುದಿಯುತ್ತದೆ, ಇವತ್ತೇ ಹಾಕಿ ಮೇಡಂ ಅನ್ನುತ್ತಾರೆ. ಹಾಕಬಾರದು. ಹದಿನೈದು ದಿನ ತುಂಬುವ ಮುಂಚೆ ಹಾಕಿದ ಫಿರ್ಯಾದು ಫಿರ್ಯಾದೇ ಅಲ್ಲ ಎಂದು 2014ರಲ್ಲಿ ಯೋಗೇಂದ್ರ ಪ್ರತಾಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹದಿನೈದು ದಿನ ಆದಮೇಲೆ ಹಣ್ಣಾಗುತ್ತದೆ ಅಂತ ಫೈಲಿನಲ್ಲೇ ಕಾಯಿಸಲೂ ಬರುವುದಿಲ್ಲ, ಹೊಸದಾಗಿಯೇ ಹಾಕಬೇಕು.

ಇನ್ನು ತಡವಾದವರ ವಿಷಯ. ಕೋರ್ಟಿಗೆ ಬರುವುದು ತಡವಾದರೆ, ತಕ್ಕ ಕಾರಣ ತೋರಿಸಿ ಮನ್ನಾ ಕೇಳುವ ಅವಕಾಶ 2003ರಿಂದ ಇದೆ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಂಥದ್ದು ಇದ್ದರೆ ಮ್ಯಾಜಿಸ್ಟ್ರೇಟರು ಒಪ್ಪಬಹುದು. ಆದರೆ ನೋಟಿಸಿನ ಮೂವತ್ತು ದಿನ ದಾಟಿದರೆ ಮನ್ನಾ ಮಾಡುವ ಅಧಿಕಾರ ಯಾವ ಕೋರ್ಟಿಗೂ ಇಲ್ಲ. ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಕೋವಿಡ್ ಕಾಲದಲ್ಲಿ ಮಾತ್ರ ಸುಪ್ರೀಂ ಕೋರ್ಟು ತಾನಾಗಿಯೇ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಲೆಕ್ಕದಿಂದ ತೆಗೆದಿತ್ತು, 138ರ ನೋಟಿಸಿನ ಗಡುವನ್ನೂ ಹೆಸರಿಸಿಯೇ ಸೇರಿಸಿತ್ತು. ಆಗ ಸಿಕ್ಕ ಆ ರಿಯಾಯಿತಿ ಈಗಲೂ ಇದೆ ಅಂದುಕೊಂಡು ಬರುವವರು ಇನ್ನೂ ಸಿಗುತ್ತಾರೆ.

ಹಾಗಾದರೆ ನಲವತ್ತು ದಿನ ಆದಮೇಲೆ ಬಂದ ಕೊಬ್ಬರಿ ವ್ಯಾಪಾರಿಗೆ ಏನು ಹೇಳುತ್ತೇನೆ? ಚೆಕ್ಕಿನ ಮೇಲಿನ ತಾರೀಖು ನೋಡುತ್ತೇನೆ. ಮೂರು ತಿಂಗಳು ಇನ್ನೂ ತುಂಬಿಲ್ಲದಿದ್ದರೆ ಅವರಿಗೆ ಅದೃಷ್ಟ ಇದೆ. "ಇವತ್ತೇ ಬ್ಯಾಂಕಿಗೆ ಹೋಗಿ ಅದೇ ಚೆಕ್ಕು ಮತ್ತೆ ಹಾಕಿ." ಮತ್ತೆ ಬೌನ್ಸ್ ಆದರೆ ಹೊಸ ಮೆಮೊ, ಹೊಸ ಮೂವತ್ತು ದಿನ. 1998ರ ಸದಾನಂದನ್ ಭದ್ರನ್ ತೀರ್ಪಿನ ಪ್ರಕಾರ ಒಮ್ಮೆ ನೋಟಿಸು ಕೊಟ್ಟು ಕೇಸು ಹಾಕದೆ ಬಿಟ್ಟರೆ, ಅದೇ ಚೆಕ್ಕನ್ನು ಮತ್ತೆ ಹಾಕಿ ಎರಡನೇ ನೋಟಿಸಿನ ಮೇಲೆ ಕೇಸು ಮಾಡುವಂತಿರಲಿಲ್ಲ. ಸಾಲಗಾರನ ಮಾತು ನಂಬಿ ಸುಮ್ಮನಾದವನಿಗೇ ಏಟು ಬೀಳುತ್ತಿತ್ತು. 2012ರಲ್ಲಿ ಎಂ.ಎಸ್.ಆರ್. ಲೆದರ್ಸ್ ಪ್ರಕರಣದಲ್ಲಿ ದೊಡ್ಡ ಪೀಠ ಅದನ್ನು ತಳ್ಳಿಹಾಕಿತು. ಚೆಕ್ಕಿಗೆ ಆಯಸ್ಸು ಇರುವವರೆಗೆ ಎಷ್ಟು ಸಲ ಬೇಕಾದರೂ ಹಾಕಬಹುದು, ಕೊನೆಯ ಸಲದ ಬೌನ್ಸ್ ಹಿಡಿದು ಕೇಸು ಮಾಡಬಹುದು. ನನ್ನ ಲೆಕ್ಕದಲ್ಲಿ ವ್ಯಾಪಾರಿಗಳಿಗೆ ಇಷ್ಟು ಉಪಕಾರ ಮಾಡಿದ ತೀರ್ಪು ಈ ಕಾಯ್ದೆಯಲ್ಲಿ ಇನ್ನೊಂದಿಲ್ಲ. ದಾಕ್ಷಿಣ್ಯಕ್ಕೆ ಕಾನೂನು ಕೊಟ್ಟ ಒಂದೇ ಒಂದು ರಿಯಾಯಿತಿ ಅದು.

ನೋಟಿಸು ಬರೆಯುವ ವಿಷಯಕ್ಕೆ ಬರೋಣ. ವಕೀಲರೇ ಕೊಡಬೇಕು ಅಂತ ಕಾಯ್ದೆಯಲ್ಲಿಲ್ಲ, ನೀವೇ ಬರೆದು ಕಳಿಸಬಹುದು. ಇಂಥದ್ದೇ ಭಾಷೆ, ಇಂಥದ್ದೇ ನಮೂನೆ ಅಂತಲೂ ಇಲ್ಲ. ನಾನು ಇಬ್ಬರೂ ಕನ್ನಡದವರಾದರೆ ಕನ್ನಡದಲ್ಲೇ ಕೊಡುತ್ತೇನೆ, "ನನಗೆ ಇಂಗ್ಲಿಷ್ ಬರಲ್ಲ ಸ್ವಾಮಿ" ಅನ್ನುವ ನೆಪಕ್ಕೆ ಜಾಗ ಇರಬಾರದು. ಹಣ ಯಾವುದರ ಬಾಬ್ತು, ಚೆಕ್ಕಿನ ನಂಬರು, ತಾರೀಖು, ಬ್ಯಾಂಕು, ಮೊತ್ತ, ಯಾವ ದಿನ ಯಾವ ಷರಾದೊಂದಿಗೆ ವಾಪಸ್ ಬಂತು, ಹದಿನೈದು ದಿನದೊಳಗೆ ಕೊಡಿ. ಒಂದು ಪುಟ ದಾಟುವುದಿಲ್ಲ. ಕೆಲವು ಸಹೋದ್ಯೋಗಿಗಳು ನಾಲ್ಕು ಪುಟ ಬರೆಯುತ್ತಾರೆ, ಮಾನಸಿಕ ಯಾತನೆ, ವ್ಯಾಪಾರದ ನಷ್ಟ, ಶೇಕಡಾ ಇಪ್ಪತ್ನಾಲ್ಕು ಬಡ್ಡಿ, ನೋಟಿಸಿನ ಫೀಸು, ಎಲ್ಲ ಕೂಡಿಸಿ ಕೆಳಗೆ ಒಂದೇ ದೊಡ್ಡ ಮೊತ್ತ. ಕಕ್ಷಿದಾರರಿಗೂ ಅದೇ ಇಷ್ಟ, ಉದ್ದ ಇದ್ದಷ್ಟೂ ಭಯ ಬೀಳ್ತಾನೆ ಅಂತ.

ಆ ದೊಡ್ಡ ಮೊತ್ತವೇ ಕುತ್ತಿಗೆಗೆ ಬರುವುದು. ಕಾಯ್ದೆ ಕೇಳುವುದು ಚೆಕ್ಕಿನಲ್ಲಿರುವ ಮೊತ್ತದ ಬೇಡಿಕೆಯನ್ನು. ಬಡ್ಡಿ, ಖರ್ಚು ಬೇರೆಯಾಗಿ ಕಾಣುವ ಹಾಗೆ ಬರೆದಿದ್ದರೆ ಅಡ್ಡಿಯಿಲ್ಲ ಅಂತ 2000ರ ಸುಮನ್ ಸೇಠಿ ತೀರ್ಪಿದೆ. ಆದರೆ ಚೆಕ್ಕಿನ ಮೊತ್ತ ಎಷ್ಟು, ಉಳಿದದ್ದು ಎಷ್ಟು ಅನ್ನುವುದೇ ಗೊತ್ತಾಗದಂತೆ ಕಲಸಿಟ್ಟರೆ ನೋಟಿಸೇ ಬಿದ್ದುಹೋಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಬಂದ ಕಾವೇರಿ ಪ್ಲಾಸ್ಟಿಕ್ಸ್ ತೀರ್ಪನ್ನು ನಾನು ಪ್ರಿಂಟು ಹಾಕಿ ಟೈಪಿಂಗ್ ಟೇಬಲ್ಲಿನ ಮೇಲೆ ಅಂಟಿಸಿದ್ದೇನೆ. ಚೆಕ್ಕು 1 ಕೋಟಿಯದು, ನೋಟಿಸಿನಲ್ಲಿ ಕೇಳಿದ್ದು 2 ಕೋಟಿ. ಟೈಪಿಂಗಿನಲ್ಲಿ ತಪ್ಪಾಯಿತು ಸ್ವಾಮಿ ಅಂದರೂ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಮೊತ್ತ ತಾಳೆಯಾಗದ ನೋಟಿಸು ನೋಟಿಸೇ ಅಲ್ಲ ಎಂದಿತು. ಅಂಕಿಯಲ್ಲಿ ಒಂದು ಸೊನ್ನೆ ಹೆಚ್ಚಾದರೆ ಏನಾಗುತ್ತದೆ ಅಂತ ಬಾಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ, ಆ ಕಾಗದ ಕಣ್ಣೆದುರು ಇದ್ದರೆ ಎರಡು ಸಲ ಓದುತ್ತಾರೆ.

ಫೋನ್‌ಪೇ, ಗೂಗಲ್‌ಪೇ ಬಂದಮೇಲೆ ಇನ್ನೊಂದು ತಕರಾರು ಶುರುವಾಗಿದೆ. 3 ಲಕ್ಷದ ಚೆಕ್ಕು ಕೊಟ್ಟಿರುತ್ತಾನೆ, ನಡುವೆ ಐವತ್ತು ಸಾವಿರ, ಮೂವತ್ತು ಸಾವಿರ ಅಂತ ಬಿಡಿಬಿಡಿಯಾಗಿ ಫೋನಿನಲ್ಲೇ ಹಾಕಿರುತ್ತಾನೆ. ಇವರು ಸಿಟ್ಟಿನಲ್ಲಿ ಪೂರ್ತಿ 3 ಲಕ್ಷಕ್ಕೇ ಚೆಕ್ಕು ಹಾಕಿ, ನೋಟಿಸನ್ನೂ 3 ಲಕ್ಷಕ್ಕೇ ಕೊಡುತ್ತಾರೆ. 2022ರ ದಶರಥಭಾಯಿ ತೀರ್ಪಿನ ನಂತರ ಇದು ನಿಲ್ಲುವುದಿಲ್ಲ. ಭಾಗಶಃ ಹಣ ಬಂದಿದ್ದರೆ ಅದನ್ನು ಚೆಕ್ಕಿನ ಮೇಲೇ ಷರಾ ಬರೆದು, ಬಾಕಿ ಮೊತ್ತಕ್ಕೆ ಮಾತ್ರ ಹಾಕಬೇಕು. ಷರಾ ಬರೆದ ಚೆಕ್ಕನ್ನು ಕೌಂಟರಿನಲ್ಲಿ ತೆಗೆದುಕೊಳ್ಳಲು ಬ್ಯಾಂಕಿನವರು ಮೂಗು ಮುರಿಯುತ್ತಾರೆ, ಅದು ಬೇರೆ ರಗಳೆ. ನಾನಾದರೆ ಬಾಕಿ ಮೊತ್ತಕ್ಕೆ ಹೊಸ ಚೆಕ್ಕನ್ನೇ ಬರೆಸಿಕೊಳ್ಳಿ ಅನ್ನುತ್ತೇನೆ.

ಈಗ ಅಂಚೆ ಕಚೇರಿ. ನನ್ನ ಮಟ್ಟಿಗೆ ಚೆಕ್ ಕೇಸಿನ ಅರ್ಧ ಕೆಲಸ ಆ ಕೌಂಟರಿನಲ್ಲೇ ನಡೆಯುವುದು. ನಮ್ಮ ಗುಮಾಸ್ತರು ಹಳಬರು, ಕವರಿನ ಮೇಲಿನ ವಿಳಾಸವನ್ನು ಚೆಕ್ಕಿನ ಜೊತೆ ಬಂದ ಇನ್‌ವಾಯ್ಸ್, ಜಿಎಸ್‌ಟಿ ಕಾಗದ, ಅವನ ಆಧಾರ್ ಜೆರಾಕ್ಸ್, ಏನು ಸಿಗುತ್ತದೋ ಅದರ ಜೊತೆ ತಾಳೆ ನೋಡುತ್ತಾರೆ. ಮನೆಗೊಂದು, ಅಂಗಡಿಗೊಂದು ಕಳಿಸುತ್ತಾರೆ. ರಿಜಿಸ್ಟರ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಸಿಬಿಟ್ಟಿದ್ದಾರೆ. ಬಾಯಿ ತುಂಬಾ ಆರ್‌ಪಿಎಡಿ (ತಲುಪಿದ್ದಕ್ಕೆ ಸಹಿ ಚೀಟಿ ವಾಪಸ್ ಬರುವ ರಿಜಿಸ್ಟರ್ ಪೋಸ್ಟು) ಅಂತ ಹೇಳಿ ಅಭ್ಯಾಸವಾದವರು ಈಗ ಕೌಂಟರಿನಲ್ಲಿ ನೋಂದಣಿ ಸೇವೆಯೂ ಬೇಕು, ತಲುಪಿದ್ದಕ್ಕೆ ಪುರಾವೆಯೂ ಬೇಕು ಅಂತ ಬಿಡಿಸಿ ಕೇಳಬೇಕು.

ರಸೀದಿಯ ವಿಷಯ ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ಹೇಳುತ್ತೇನೆ. ಅಂಚೆಯ ರಸೀದಿ ಬರುವುದು ಬಸ್ ಟಿಕೇಟಿನಂಥ ನುಣುಪು ಕಾಗದದಲ್ಲಿ. ಬಿಸಿಗೆ ಅಕ್ಷರ ಮೂಡುವ ಕಾಗದ ಅದು. ಇವತ್ತು ಕಪ್ಪಗೆ ಓದಬಹುದು, ಪ್ಲಾಸ್ಟಿಕ್ ಫೋಲ್ಡರಿನಲ್ಲಿಟ್ಟು ಬೇಸಿಗೆ ಕಳೆದರೆ ಮಾಸುತ್ತದೆ. ಕೇಸು ಸಾಕ್ಷ್ಯದ ಹಂತಕ್ಕೆ ಬರುವ ಹೊತ್ತಿಗೆ ಎಷ್ಟು ಕಾಲ ಆಗಿರುತ್ತದೋ. ನಿಶಾನೆ, ಅಂದರೆ ಕೋರ್ಟಿನ ದಾಖಲೆ ಗುರುತು, ಹಾಕಿಸಲು ಫೈಲಿನಿಂದ ತೆಗೆದರೆ ಬಿಳಿ ಚೀಟಿ, ಮೂಲೆಯಲ್ಲಿ ಬಾರ್‌ಕೋಡಿನ ಮಸುಕು ಗೆರೆ. ಎದುರು ವಕೀಲರು ಅದನ್ನು ಬೆಳಕಿಗೆ ಹಿಡಿದು ಸಾಹೇಬರ ಕಡೆ ನೋಡಿ ನಗುತ್ತಾರೆ. ಹಾಗಾಗಿ ರಸೀದಿ ಕೈಗೆ ಬಂದ ದಿನವೇ ಜೆರಾಕ್ಸ್ ಮಾಡಿಸಿ, ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಟ್ರ್ಯಾಕಿಂಗ್ ರಿಪೋರ್ಟನ್ನೂ ತಲುಪಿದ ವಾರದಲ್ಲೇ ಪ್ರಿಂಟು ಹಾಕಿ. ವರ್ಷ ಕಳೆದ ಮೇಲೆ ಆ ನಂಬರು ಒತ್ತಿದರೆ ಏನೂ ಬರುವುದಿಲ್ಲ.

ನೋಟಿಸು ತಲುಪಿದ ದಿನ ಯಾವುದು ಅನ್ನುವುದರ ಮೇಲೆ ನಮ್ಮ ಬೆಂಗಳೂರಿನ ರೇಷ್ಮೆ ರಫ್ತು ಸಂಸ್ಥೆಯೊಂದು ಕೇಸನ್ನೇ ಕಳೆದುಕೊಂಡಿತು. ಸಿಲ್ ಇಂಪೋರ್ಟ್ ವಿರುದ್ಧ ಎಕ್ಸಿಮ್ ಏಡ್ಸ್ ಸಿಲ್ಕ್ ಎಕ್ಸ್‌ಪೋರ್ಟರ್ಸ್, 1999ರ ಸುಪ್ರೀಂ ಕೋರ್ಟ್ ತೀರ್ಪು. ಅಮೆರಿಕದ ಕೊಳ್ಳುಗನಿಗೆ 1996ರ ಜೂನ್ 11ರಂದು ನೋಟಿಸನ್ನು ಫ್ಯಾಕ್ಸ್ ಮಾಡಿದರು. ಮಾರನೇ ದಿನ ಅದನ್ನೇ ರಿಜಿಸ್ಟರ್ ಪೋಸ್ಟಿನಲ್ಲೂ ಕಳಿಸಿದರು, ಅದು ತಲುಪಿದ್ದು ಜೂನ್ 25ಕ್ಕೆ. ಅಂಚೆಯ ಲೆಕ್ಕ ಹಿಡಿದು ಆಗಸ್ಟ್ 8ಕ್ಕೆ ಫಿರ್ಯಾದು ಹಾಕಿದರು, ಆ ಲೆಕ್ಕದಲ್ಲಿ ಮೂರು ದಿನ ಇನ್ನೂ ಉಳಿದಿತ್ತು. ಆದರೆ ಫ್ಯಾಕ್ಸ್ ಕೂಡ ಬರವಣಿಗೆಯ ನೋಟಿಸೇ, ಅದು ತಲುಪಿದ್ದು ಜೂನ್ 11ಕ್ಕೇ, ಗಡಿಯಾರ ಆಗಲೇ ಶುರುವಾಗಿತ್ತು ಎಂದಿತು ಕೋರ್ಟು. ಹಾಗೆ ಎಣಿಸಿದರೆ ಜುಲೈ ಕೊನೆಯ ವಾರಕ್ಕೇ ಗಡುವು ಮುಗಿದಿತ್ತು. ತಡವನ್ನು ಮನ್ನಾ ಮಾಡುವ ಅವಕಾಶ ಆಗಿನ್ನೂ ಕಾಯ್ದೆಯಲ್ಲಿ ಬಂದಿರಲಿಲ್ಲ. ಕೇಸು ಹೋಯಿತು.

ಈಗ ಯಾರೂ ಫ್ಯಾಕ್ಸ್ ಮಾಡುವುದಿಲ್ಲ ನಿಜ. ಎಲ್ಲರೂ ವಾಟ್ಸಾಪ್ ಮಾಡುತ್ತಾರೆ. ನೋಟಿಸಿಗೆ ಸಹಿ ಹಾಕಿದ ಕೂಡಲೇ ಫೋಟೊ ತೆಗೆದು "ನೋಡ್ಕೋ ಮಗನೇ" ಅಂತ ಅವನಿಗೆ ಕಳಿಸಿಬಿಡುತ್ತಾರೆ, ನನಗೆ ಹೇಳುವುದೂ ಇಲ್ಲ. ಎರಡು ನೀಲಿ ಗೆರೆ ಬಿದ್ದಿರುತ್ತವೆ. ಅಂಚೆಯದು ತಲುಪಿದ್ದು ಹತ್ತು ದಿನ ಆದಮೇಲೆ. ಸಿಲ್ ಇಂಪೋರ್ಟ್ ಓದಿದ ವಕೀಲ ಎದುರಿಗಿದ್ದರೆ ಆ ನೀಲಿ ಗೆರೆಯ ಸ್ಕ್ರೀನ್‌ಶಾಟು ಹಿಡಿದು ಬರುವುದು ಖಂಡಿತ. ಅದಕ್ಕೆ ನಾನು ಎರಡು ಕಡೆಯಿಂದಲೂ ಎಣಿಸಿ, ಎರಡೂ ಲೆಕ್ಕಕ್ಕೆ ಹೊಂದುವ ದಿನದಲ್ಲೇ ಹಾಕುತ್ತೇನೆ. ಮೊದಲಿನ ಮೂವತ್ತು ದಿನಕ್ಕೂ ಅದೇ ಜಾಗ್ರತೆ. ಮೆಮೊ ಕೈಗೆ ಬಂದದ್ದು ಒಂದು ದಿನ, ಚೆಕ್ಕು ವಾಪಸಾಯಿತು ಅಂತ ಬ್ಯಾಂಕಿನ ಮೆಸೇಜು ಬಂದದ್ದು ಇನ್ನೊಂದು ದಿನ ಆಗಿದ್ದರೆ ನಾನು ಮೆಸೇಜಿನಿಂದಲೇ ಎಣಿಸುತ್ತೇನೆ.

ನೋಟಿಸು ತೆಗೆದುಕೊಳ್ಳದವನ ಕಥೆಯೂ ಇದೆ. ಅಂಚೆಯಣ್ಣ ಬಂದ ಕೂಡಲೇ ಒಳಗಿನಿಂದ "ಯಜಮಾನ್ರು ಊರಲ್ಲಿಲ್ಲ". ಕವರು "ಬಾಗಿಲು ಬೀಗ ಹಾಕಿದೆ" ಎಂದೋ "ಸೂಚನೆ ನೀಡಿದರೂ ಪಡೆದಿಲ್ಲ" ಎಂದೋ ಷರಾದೊಂದಿಗೆ ವಾಪಸ್ ಬರುತ್ತದೆ. ತಾನು ಗೆದ್ದೆ ಅಂತ ಅವನು ಅಂದುಕೊಳ್ಳುತ್ತಾನೆ, ಕೆಟ್ಟಿತು ಅಂತ ನಮ್ಮ ಕಕ್ಷಿದಾರರು ಅಂದುಕೊಳ್ಳುತ್ತಾರೆ. ಇಬ್ಬರ ಲೆಕ್ಕವೂ ತಪ್ಪು. ಸರಿಯಾದ ವಿಳಾಸಕ್ಕೆ ಕಳಿಸಿದ್ದರೆ ತಲುಪಿದಂತೆಯೇ ಅಂತ 1999ರ ಭಾಸ್ಕರನ್ ಪ್ರಕರಣ, 2007ರ ಅಲವಿ ಹಾಜಿ ಪ್ರಕರಣ ಎರಡೂ ಹೇಳುತ್ತವೆ. ಅಲವಿ ಹಾಜಿಯಲ್ಲಿ ಇನ್ನೂ ಒಂದು ಒಳ್ಳೆಯ ಮಾತಿದೆ. ನಿಜವಾಗಿಯೂ ನೋಟಿಸು ಸಿಕ್ಕಿರಲಿಲ್ಲ ಅನ್ನುವವನು ಕೋರ್ಟಿನ ಸಮನ್ಸ್ ಬಂದ ಹದಿನೈದು ದಿನದೊಳಗೆ ಚೆಕ್ಕಿನ ಹಣ ಕೊಟ್ಟು, ಫಿರ್ಯಾದು ವಜಾ ಮಾಡಿ ಎಂದು ಕೇಳಬಹುದು. ಹಣವನ್ನೂ ಕೊಡದೆ ನೋಟಿಸು ಬಂದಿಲ್ಲ ಅಂತ ವರ್ಷಗಟ್ಟಲೆ ಹಾಡುವಂತಿಲ್ಲ.

ನಾನು ಚೆಕ್ಕು ಕೊಟ್ಟವರ ಪರವೂ ನಿಂತಿದ್ದೇನೆ, ಅವರಿಗೂ ಎರಡು ಮಾತು. ನೋಟಿಸು ಬಂದರೆ ಸಹಿ ಹಾಕಿ ತೆಗೆದುಕೊಳ್ಳಿ, ಉತ್ತರ ಕೊಡಿ. ರಂಗಪ್ಪ ವಿರುದ್ಧ ಮೋಹನ್ ಅಂತ 2010ರ ಪ್ರಸಿದ್ಧ ತೀರ್ಪು ನಮ್ಮ ಕರ್ನಾಟಕದ ಪ್ರಕರಣದಿಂದಲೇ ಹೋದದ್ದು, ಬರೀ 45,000 ರೂಪಾಯಿಯ ಚೆಕ್ಕು. ಚೆಕ್ಕು ಕಳೆದುಹೋಗಿತ್ತು ಅನ್ನುವುದು ಆರೋಪಿಯ ವಾದ. ನೋಟಿಸಿಗೆ ಉತ್ತರವನ್ನೇ ಕೊಡದೆ ಸುಮ್ಮನಿದ್ದದ್ದು ಅವನ ವಿರುದ್ಧವೇ ಹೋಯಿತು. ಸಾಲ ಇತ್ತು ಅಂತಲೇ ಕೋರ್ಟು ಊಹಿಸಿಕೊಳ್ಳಬೇಕು, ಇಲ್ಲ ಅಂತ ತೋರಿಸುವ ಹೊಣೆ ಚೆಕ್ಕು ಕೊಟ್ಟವನದು ಎಂದು ಅಲ್ಲಿ ಗಟ್ಟಿಯಾಯಿತು. ಹಣ ಕೊಡುವುದಿದ್ದರೆ ಹದಿನೈದು ದಿನದೊಳಗೇ, ಬ್ಯಾಂಕಿನ ಮೂಲಕವೇ ಕೊಡಿ. ಹದಿನಾರನೇ ದಿನ ಕೊಟ್ಟರೆ ಸಾಲ ತೀರುತ್ತದೆ, ಕೇಸು ತಾನಾಗಿ ಬಿದ್ದುಹೋಗುವುದಿಲ್ಲ. ಆಮೇಲೆ ಫಿರ್ಯಾದಿಯ ಜೊತೆ ರಾಜಿಯಾಗಬೇಕು, ಅದಕ್ಕೆ ಅವರ ಮನಸ್ಸೂ ಬೇಕು.

ಯಾವ ಊರಿನ ಕೋರ್ಟು ಅನ್ನುವ ಪ್ರಶ್ನೆಯನ್ನು ಬೇಗ ಮುಗಿಸುತ್ತೇನೆ. 2014ರಲ್ಲಿ ದಶರಥ ರೂಪಸಿಂಗ್ ತೀರ್ಪು ಬಂದು, ಚೆಕ್ಕು ಬರೆದವನ ಬ್ಯಾಂಕು ಇರುವ ಊರಿನಲ್ಲೇ ಕೇಸು ಅಂದಾಗ ದೆಹಲಿಯ ಕೊಳ್ಳುಗನ ಮೇಲೆ ಕೇಸು ಮಾಡಲು ದೆಹಲಿಗೇ ಹೋಗಬೇಕಾಯಿತು. ಫೈಲುಗಳು ಕಟ್ಟುಕಟ್ಟಾಗಿ ವಾಪಸ್ ಬಂದವು. 2015ರ ತಿದ್ದುಪಡಿ ಅದನ್ನು ತಿರುಗಿಸಿತು. ನಿಮ್ಮ ಖಾತೆಗೆ ಹಾಕಿದ ಚೆಕ್ಕಾದರೆ ನಿಮ್ಮ ಖಾತೆ ಇರುವ ಶಾಖೆಯ ಕೋರ್ಟೇ ಸರಿ. ಖಾತೆ ತಿಪಟೂರಿನದಾದರೆ ಕೇಸೂ ಇಲ್ಲೇ, ಬೆಂಗಳೂರಿನ ಯಾವ ಶಾಖೆಯಲ್ಲಿ ಚೆಕ್ಕು ಹಾಕಿದಿರಿ ಅನ್ನುವುದು ಮುಖ್ಯವಲ್ಲ.

ಫಿರ್ಯಾದು ಹಾಕಿದ ಮೇಲಿನದು ಬೇರೆಯೇ ಪುರಾಣ. 2019ರ ಕೊನೆಗೆ ದೇಶದಲ್ಲಿ ಬಾಕಿಯಿದ್ದ 2.31 ಕೋಟಿ ಕ್ರಿಮಿನಲ್ ಕೇಸುಗಳಲ್ಲಿ 35.16 ಲಕ್ಷ 138ರವೇ ಎಂದು ಸುಪ್ರೀಂ ಕೋರ್ಟೇ ಲೆಕ್ಕ ಕೊಟ್ಟಿದೆ. ಆರೋಪಿ ತಪ್ಪೊಪ್ಪದಿದ್ದರೆ ಚೆಕ್ಕಿನ ಮೊತ್ತದ ಶೇಕಡಾ 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರ 2018ರಿಂದ ಮ್ಯಾಜಿಸ್ಟ್ರೇಟರಿಗಿದೆ, ಕೇಳಿದವರಿಗೆಲ್ಲ ಸಿಗುತ್ತದೆ ಅಂತೇನಿಲ್ಲ. ಮೂವತ್ತು ದಿನ ಕೈತಪ್ಪಿ, ಚೆಕ್ಕಿನ ಆಯಸ್ಸೂ ಮುಗಿದವರಿಗೆ ಸಿವಿಲ್ ದಾವೆ ಇದ್ದೇ ಇದೆ, ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಆದರೆ ಅದಕ್ಕೆ ಮೊತ್ತಕ್ಕೆ ತಕ್ಕ ಕೋರ್ಟ್ ಫೀ ಕಟ್ಟಬೇಕು, ಜೈಲಿನ ಭಯ ಎದುರಿನವನಿಗೆ ಇರುವುದಿಲ್ಲ. 138ರಲ್ಲಿ ನನ್ನ ಕಕ್ಷಿದಾರರಿಗೆ ದುಡ್ಡು ಬಂದಿರುವುದು ಹೆಚ್ಚಾಗಿ ತೀರ್ಪಿನಿಂದಲ್ಲ, ಮೊದಲ ವಾಯಿದೆಗೆ ಕಟಕಟೆಯಲ್ಲಿ ನಿಲ್ಲುವ ಮುಂಚಿನ ವಾರದಲ್ಲಿ.

ಕಡೆಗೆ, ವಕೀಲರ ಹತ್ತಿರ ಬರುವಾಗ ಮೂಲ ಚೆಕ್ಕು, ಮೂಲ ಮೆಮೊ ತನ್ನಿ. ಜೆರಾಕ್ಸ್ ಅಲ್ಲ. ಚೆಕ್ಕಿಗೆ ಪಿನ್ನು ಚುಚ್ಚಬೇಡಿ, ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ, ಮಾಡಿಸಿಕೊಂಡು ಬಂದವರೂ ಇದ್ದಾರೆ. ನೀವೇ ನೋಟಿಸು ಕಳಿಸಿ ಅದು ವಾಪಸ್ ಬಂದಿದ್ದರೆ ಕವರನ್ನು ಹರಿಯದೆ ಹಾಗೇ ತನ್ನಿ. ಒಳಗಿರುವುದು ನೀವೇ ಬರೆದ ಕಾಗದ, ಅದರಲ್ಲಿ ನೋಡುವುದೇನಿದೆ. ಕೋರ್ಟಿಗೆ ಬೇಕಿರುವುದು ಹೊರಗಿನ ಮುದ್ರೆ, ತಾರೀಖು ಮತ್ತು ಅಂಚೆಯಣ್ಣನ ಷರಾ. ಒಡೆಯದ ಕವರನ್ನೇ ನಿಶಾನೆ ಮಾಡಿಸಿ, ಸಾಹೇಬರ ಎದುರಿಗೇ ಒಡೆಸುತ್ತೇವೆ.